ಷೇರು ಪೇಟೆಯೂ ವಿಶ್ವಾಸಿಯ ಲೆಕ್ಕವೂ
ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕ್ರೈಸ್ತ ಯುವಜನರಿಗೆ ಒಂದು ಬಹಿರಂಗ ಪತ್ರ

ಪ್ರಿಯ ತಮ್ಮಂದಿರೇ, ತಂಗಿಯರೇ,

ಮೊಡಂಕಾಪು, ಅಗ್ರಾರ್, ಲೊರೆಟ್ಟೊಗಳಿಂದ ಮೊದಲ್ಗೊಂಡು ಮಡಂತ್ಯಾರು, ಉಜಿರೆ, ಬೆಳ್ತಂಗಡಿಗಳವರೆಗೂ, ಇತ್ತ ಅಲಂಗಾರು, ತಾಕೊಡೆ, ಶಿರ್ತಾಡಿ, ಪಾಲಡ್ಕಗಳ ತನಕವೂ ಹರಡಿಕೊಂಡಿರುವ ನಮ್ಮ ಇಗರ್ಜಿಗಳ ಅಂಗಳದಲ್ಲಿ, ಭಾನುವಾರದ ಬಲಿಪೂಜೆ ಮುಗಿದ ಮೇಲೆ ನಡೆಯುವ ಮಾತುಕತೆಯೊಳಕ್ಕೆ ಅಡಕೆಯ ಧಾರಣೆ, ರಬ್ಬರಿನ ಧಾರಣೆ, ಕುವೈತಿನಿಂದ ರಜೆಗೆ ಬಂದವರ ಸಮಾಚಾರ ಇವುಗಳ ಜೊತೆಗೆ ಈಚಿನ ವರ್ಷಗಳಲ್ಲಿ ಷೇರು ಪೇಟೆಯೂ ಬಂದು ಸೇರಿಕೊಂಡಿದೆ. ಆದರೆ ಅಡಕೆಯ ವಿಚಾರವನ್ನು ಗಟ್ಟಿಯಾಗಿ ಆಡುವ ನೀವು ಇದನ್ನು ಮಾತ್ರ ತಗ್ಗಿದ ದನಿಯಲ್ಲಿ ಆಡುತ್ತೀರಿ. ಹಿರಿಯರಾರಾದರೂ ಹತ್ತಿರ ಬಂದರೆ ಮಾತು ಬದಲಿಸುತ್ತೀರಿ. ಬ್ಯಾಂಕಿನ ಉದ್ಯೋಗದಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದು ಈಗ ನಿವೃತ್ತನಾಗಿರುವ ನನ್ನಲ್ಲಿಗೆ ಬಂದು, ಷೇರು ಕೊಳ್ಳುವುದು ಪಾಪವೇ ಎಂದು ನೇರವಾಗಿಯೇ ಕೇಳಿದವರೂ ನಿಮ್ಮಲ್ಲಿ ಇದ್ದಾರೆ. ಅಂಥ ಪ್ರಶ್ನೆಗೆ ಒಬ್ಬೊಬ್ಬರ ಕಿವಿಯಲ್ಲಿ ಬೇರೆ ಬೇರೆಯಾಗಿ ಉತ್ತರ ಹೇಳುವುದಕ್ಕಿಂತ, ಎಲ್ಲರೆದುರಿಗೆ ಒಮ್ಮೆ ವಿಶದವಾಗಿ ಹೇಳಿಬಿಡುವುದೇ ಲೇಸೆಂದು ಈ ಪತ್ರವನ್ನು ಬರೆಯುತ್ತಿದ್ದೇನೆ.

ನಮ್ಮ ಸಮಾಜದಲ್ಲಿ ಈ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳು ಚಾಲ್ತಿಯಲ್ಲಿವೆ. ಷೇರು ಪೇಟೆಯೆಂಬುದು ಜೂಜು, ದೇವರ ಭಯವುಳ್ಳವನು ಅತ್ತ ಸುಳಿಯಬಾರದು ಎಂಬುದು ಒಂದು. ವಿಶ್ವಾಸವುಳ್ಳವನನ್ನು ದೇವರು ಐಶ್ವರ್ಯವಂತನನ್ನಾಗಿ ಮಾಡುತ್ತಾನೆ, ಆದಕಾರಣ ಲಾಭವೇ ಆಶೀರ್ವಾದದ ಕುರುಹು ಎಂಬುದು ಇನ್ನೊಂದು. ಮೊದಲನೆಯದು ಭೀತಿಯಿಂದ ಹುಟ್ಟಿದ್ದು, ಎರಡನೆಯದು ಲೋಭದಿಂದ ಹುಟ್ಟಿದ್ದು. ಎರಡರಲ್ಲಿಯೂ ವಿಚಾರದ ಶ್ರಮವಿಲ್ಲ. ನನ್ನ ಅಭಿಪ್ರಾಯವಿಷ್ಟು: ಷೇರೆಂದರೆ ಯಾರೋ ಎಲ್ಲಿಯೋ ದುಡಿದು ನಡೆಸುವ ಒಂದು ಉದ್ಯಮದಲ್ಲಿ ನಮಗಿರುವ ಪಾಲು. ಪಾಲು ಹೊಂದುವುದನ್ನು ನಮ್ಮ ಧರ್ಮ ನಿಷೇಧಿಸಿಲ್ಲ. ಆದರೆ ಆ ಉದ್ಯಮದ ಲಾಭ ನಮ್ಮ ಖಾತೆಗೆ ಬಂದು ಬೀಳುವಂತೆಯೇ, ಆ ಉದ್ಯಮವು ಲೋಕದಲ್ಲಿ ಮಾಡುವ ಹಿತಾಹಿತಗಳ ಹೊಣೆಯೂ ನಮ್ಮ ಲೆಕ್ಕಕ್ಕೆ ಬಂದು ಸೇರುತ್ತದೆ. ಈ ಎರಡನೆಯ ಲೆಕ್ಕವನ್ನು ಇಡಲು ಸಿದ್ಧನಿಲ್ಲದವನು ಮೊದಲನೆಯದನ್ನು ತೆರೆಯದಿರುವುದು ಒಳಿತು.

ಇದಕ್ಕೆ ದೂರದ ನಿದರ್ಶನ ಬೇಕಿಲ್ಲ. ಬೆಳ್ತಂಗಡಿ ತಾಲೂಕಿನಿಂದ ಇಳಿದು ಬಂಟ್ವಾಳದ ಮಗ್ಗುಲಲ್ಲಿ ಹರಿಯುವ ನೇತ್ರಾವತಿಯು ಸಮುದ್ರ ಸೇರುವುದಕ್ಕೆ ಮುನ್ನ ಮಂಗಳೂರಿನ ಜೆಪ್ಪುವನ್ನು ಹಾದುಹೋಗುತ್ತದಷ್ಟೆ. ಅಲ್ಲಿ 1865ರಲ್ಲಿ ಬಾಸೆಲ್ ಮಿಷನ್ನಿನವರು, ಪ್ಲೆಬ್ಸ್ಟ್ ಎಂಬ ಮಿಷನರಿಯ ಮೇಲ್ವಿಚಾರಣೆಯಲ್ಲಿ, ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಈ ಮಿಷನ್ನಿಗೆ ಕೆಲವೇ ವರ್ಷಗಳಲ್ಲಿ ಅನ್ನದ ಸಮಸ್ಯೆ ಎದುರಾಗಿತ್ತು. ಕ್ರೈಸ್ತರಾದವರಲ್ಲಿ ಅನೇಕರು ಮನೆ, ಕುಲ, ಒಕ್ಕಲುತನ, ಕಸುಬು ಎಲ್ಲವನ್ನೂ ಒಮ್ಮೆಗೇ ಕಳೆದುಕೊಂಡು ಮಿಷನ್ನಿನ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಅವರಿಗೆ ದಾನ ಕೊಟ್ಟು ಸಾಕುವುದಕ್ಕಿಂತ ಕೆಲಸ ಕೊಟ್ಟು ನಿಲ್ಲಿಸುವುದು ಮೇಲೆಂದು ನೇಯ್ಗೆಯ ಶಾಲೆಗಳೂ ಹಂಚಿನ ಕಾರ್ಖಾನೆಗಳೂ ತಲೆಯೆತ್ತಿದವು. ಇವುಗಳ ವ್ಯಾಪಾರದ ಬೆನ್ನಿಗಿದ್ದುದು 1859ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲಿನಲ್ಲಿ ಸ್ಥಾಪಿತವಾದ ಒಂದು ಕಂಪನಿ. ಮಿಷನ್ನಿನ ಆಪ್ತರಾದ ಭಕ್ತ ವರ್ತಕರು ಷೇರು ಹಣ ಹಾಕಿ ಕಟ್ಟಿದ ಕೂಡುಬಂಡವಾಳದ ಸಂಸ್ಥೆ ಅದು. ಅದರ ಪಾಲುದಾರರು ತಾವು ಪಡೆಯುವ ಲಾಭಾಂಶಕ್ಕೆ ತಾವೇ ಮಿತಿಯನ್ನು ಕಟ್ಟಿಕೊಂಡು ಮಿಕ್ಕುದನ್ನು ಮಿಷನ್ನಿನ ಕಾರ್ಯಕ್ಕೆ ಬಿಟ್ಟುಕೊಟ್ಟರು. ಈ ಕಂಪನಿಯು ವ್ಯಾಪಾರ ನಡೆಸುತ್ತಿದ್ದ ಆಫ್ರಿಕದ ಕರಾವಳಿಯಲ್ಲಿ ಮದ್ಯವೂ ಬಂದೂಕೂ ಅತ್ಯಂತ ಲಾಭಕರವಾದ ಸರಕುಗಳಾಗಿದ್ದ ಕಾಲದಲ್ಲಿ ಆ ಎರಡನ್ನೂ ತಮ್ಮ ಅಂಗಡಿಯಲ್ಲಿ ಮಾರುವುದಿಲ್ಲವೆಂದು ನಿಯಮ ಮಾಡಿಕೊಂಡರು. ಪ್ರಾರ್ಥನೆಯೂ ವಾಣಿಜ್ಯವೂ ಒಂದೇ ಸೂರಿನಡಿ ಇರಬಹುದೇ ಎಂಬ ವಾದ ಮಿಷನ್ನಿನ ಒಳಗೂ ನಡೆಯದಿರಲಿಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಶತ್ರುದೇಶದವರ ಸ್ವತ್ತೆಂದು ಈ ಉದ್ಯಮಗಳು ಬ್ರಿಟಿಷ್ ಸರ್ಕಾರದ ವಶವಾಗಿ ಅನಂತರ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಆದಾಗ್ಯೂ, ಕ್ರೈಸ್ತನು ಷೇರುದಾರನಾಗಬಹುದೇ ಎಂದು ನಮ್ಮ ಜಿಲ್ಲೆಯಲ್ಲಿ ನಿಂತು ಕೇಳುವವನಿಗೆ, ಆಗಬಹುದು, ಆದರೆ ಹೀಗೆ ಎಂದು ತೋರಿಸಬಲ್ಲ ದೃಷ್ಟಾಂತವೊಂದು ಒಂದೂವರೆ ಶತಮಾನದ ಹಿಂದೆಯೇ ಸಿದ್ಧವಾಗಿತ್ತೆಂಬುದನ್ನು ನೀವು ತಿಳಿದಿರಬೇಕು.

ಕಥೊಲಿಕ ಧರ್ಮಸಭೆಯ ದಾರಿ ಇದಕ್ಕಿಂತ ದೀರ್ಘವಾದದ್ದು. ಹಣಕ್ಕೆ ಬಡ್ಡಿ ಪಡೆಯುವುದೇ ಅಧರ್ಮವೆಂದು ಶತಮಾನಗಳ ಕಾಲ ಬೋಧಿಸಿದ ಧರ್ಮಸಭೆಯ ಮಡಿಲಿನಲ್ಲಿಯೇ, ಬಡವರನ್ನು ಲೇವಾದೇವಿಗಾರರ ಹಿಡಿತದಿಂದ ಬಿಡಿಸುವ ಸಲುವಾಗಿ ಫ್ರಾನ್ಸಿಸ್ಕನ್ ಸಂನ್ಯಾಸಿಗಳು 1462ರಲ್ಲಿ ಇಟಲಿಯ ಪೆರೂಜದಲ್ಲಿ ಗಿರವಿಯ ನಿಧಿಯೊಂದನ್ನು ತೆರೆದರು. ಅಂಥ ನಿಧಿಗಳು ತಮ್ಮ ಖರ್ಚಿಗೆಂದು ಅಲ್ಪ ಬಡ್ಡಿ ಪಡೆಯುವುದು ದೋಷವಲ್ಲವೆಂದು 1515ರಲ್ಲಿ ಲ್ಯಾಟರನ್ ಮಹಾಸಭೆ ಒಪ್ಪಿತು. ಇಂದು ಲೋಕದ ಎಲ್ಲ ಕಂಪನಿಗಳೂ ಅನುಸರಿಸುವ ಜೋಡಿ ನಮೂದಿನ ಲೆಕ್ಕಪದ್ಧತಿಯನ್ನು 1494ರಲ್ಲಿ ವೆನಿಸಿನಲ್ಲಿ ಮೊದಲು ಅಚ್ಚುಹಾಕಿಸಿದ ಲೂಕ ಪಚೋಲಿಯೂ ಒಬ್ಬ ಫ್ರಾನ್ಸಿಸ್ಕನ್ ಸಂನ್ಯಾಸಿಯೇ. ನಮ್ಮ ಕಾಲಕ್ಕೆ ಬಂದರೆ, 1991ರ ತಮ್ಮ ವಿಶ್ವಪತ್ರದಲ್ಲಿ ಎರಡನೆಯ ಜಾನ್ ಪಾಲ್ ಜಗದ್ಗುರುಗಳು, ಹಣವನ್ನು ಎಲ್ಲಿ, ಯಾವ ಉದ್ಯಮದಲ್ಲಿ ತೊಡಗಿಸುತ್ತೇವೆಂಬ ನಿರ್ಣಯವು ನೈತಿಕವಾದ ಆಯ್ಕೆಯೇ ಆಗಿದೆಯೆಂಬ ಅರ್ಥದ ಮಾತನ್ನು ಹೇಳಿದರು. 2022ರಲ್ಲಿ ವ್ಯಾಟಿಕನ್ನಿನ ಸಮಾಜ ವಿಜ್ಞಾನಗಳ ಪರಿಷತ್ತು ಕಥೊಲಿಕ ಹೂಡಿಕೆದಾರರಿಗೆಂದೇ ಮಾರ್ಗದರ್ಶಿಯೊಂದನ್ನು ಹೊರಡಿಸಿತು. ನೀವು ತಗ್ಗಿದ ದನಿಯಲ್ಲಿ ಕೇಳುವ ಪ್ರಶ್ನೆಯನ್ನು ಧರ್ಮಸಭೆ ಗಟ್ಟಿಯಾಗಿಯೇ ಎತ್ತಿಕೊಂಡಿದೆಯೆಂಬುದಕ್ಕಾಗಿ ಇಷ್ಟನ್ನು ಹೇಳಿದೆ.

ನಮ್ಮ ಜಿಲ್ಲೆಯವರಿಗಂತೂ ಹಣದ ಸಂಸ್ಥೆಗಳೆಂದರೆ ಅಪರಿಚಿತವಲ್ಲ. ಅಮ್ಮೆಂಬಳವೆಂಬ ಊರಿನ ಹೆಸರನ್ನು ಮನೆತನದ ಹೆಸರಾಗಿ ಧರಿಸಿದ್ದ ಸುಬ್ಬರಾವ್ ಪೈಗಳು 1906ರಲ್ಲಿ ಕೆನರಾ ಬ್ಯಾಂಕಿಗೆ ಮೂಲವಾದ ನಿಧಿಯನ್ನು ಸ್ಥಾಪಿಸಿದರು, ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕಿಗೆ ಅಡಿಗಲ್ಲಿಟ್ಟರು, 1912ರಲ್ಲಿ ಪಿ. ಎಫ್. ಎಕ್ಸ್. ಸಲ್ಡಾನ್ಹರು ಮಂಗಳೂರಿನಲ್ಲಿ ಕಥೊಲಿಕ್ ಸಹಕಾರಿ ಸಂಘವನ್ನು ಆರಂಭಿಸಿದರು, ಇಂದು ಎಂಸಿಸಿ ಬ್ಯಾಂಕೆಂದು ನಾವು ಕರೆಯುವುದು ಅದನ್ನೇ. ಮಂಗಳೂರಿಗೆ ತನ್ನದೇ ಆದ ಸ್ಟಾಕ್ ಎಕ್ಸ್‌ಚೇಂಜೂ ಇತ್ತು. 1985ರಲ್ಲಿ ಮಾನ್ಯತೆ ಪಡೆದ ಅದಕ್ಕೆ 2004ರಲ್ಲಿ ಷೇರು ಪೇಟೆಯ ನಿಯಂತ್ರಣ ಮಂಡಳಿಯಾದ ಸೆಬಿ ಮಾನ್ಯತೆಯನ್ನು ಮುಂದುವರಿಸಲಿಲ್ಲ. ಇಷ್ಟೆಲ್ಲ ಇದ್ದರೂ ನಮ್ಮ ಹಿರಿಯರ ವಿಶ್ವಾಸವೆಲ್ಲ ಭೂಮಿಯ ಮೇಲೆ, ಚಿನ್ನದ ಮೇಲೆ, ಬ್ಯಾಂಕಿನ ಠೇವಣಿಯ ಮೇಲೆ ನೆಟ್ಟಿತ್ತು. ಅದಕ್ಕೆ ಕಾರಣವುಂಟು. 1974ರ ಭೂಸುಧಾರಣೆಯ ತಿದ್ದುಪಡಿಯ ಬಳಿಕ, ತಲೆತಲಾಂತರದಿಂದ ಗೇಣಿ ಅಳೆಯುತ್ತಿದ್ದ ಒಕ್ಕಲುಗಳಿಗೆ ತಾವು ಉಳುತ್ತಿದ್ದ ನೆಲವೇ ಸ್ವಂತವಾದಾಗ, ಡಿಕ್ಲರೇಶನ್ ಕೊಟ್ಟು ಪಡೆದ ಆ ಜಾಗದ ಪ್ರತಿಯೊಂದು ಅಡಿಯೂ ಅವರಿಗೆ ಸ್ವಾತಂತ್ರ್ಯದ ಗುರುತಾಯಿತು. ಮೊಬೈಲಿನ ಪರದೆಯ ಮೇಲೆ ಮಾತ್ರ ಕಾಣುವ ಆಸ್ತಿಯನ್ನು ಅಂಥವರು ನಂಬದಿದ್ದರೆ ಅದನ್ನು ಅಜ್ಞಾನವೆಂದು ಕಡೆಗಣಿಸುವುದು ಸರಿಯಲ್ಲ.

ಈಗ ಶಾಸ್ತ್ರದ ವಿಚಾರ. ಷೇರಿನ ಪರವಾಗಿ ವಾದಿಸುವವರೆಲ್ಲರೂ ಎತ್ತಿ ಹೇಳುವುದು ಮತ್ತಾಯನ ಇಪ್ಪತ್ತೈದನೆಯ ಅಧ್ಯಾಯದಲ್ಲಿರುವ ತಲಾಂತುಗಳ ಸಾಮತಿಯನ್ನು. ಧಣಿಯು ಒಪ್ಪಿಸಿಹೋದ ಹಣವನ್ನು ಇಬ್ಬರು ಆಳುಗಳು ವ್ಯಾಪಾರಕ್ಕೆ ಹಾಕಿ ಇಮ್ಮಡಿಗೊಳಿಸಿದರು. ಮೂರನೆಯವನು ಭಯದಿಂದ ನೆಲದಲ್ಲಿ ಹೂತಿಟ್ಟನು. ಕೊನೆಯ ಪಕ್ಷ ಬಡ್ಡಿಗಾದರೂ ಕೊಡಬಹುದಿತ್ತಲ್ಲವೇ ಎಂದು ಧಣಿಯು ಅವನನ್ನು ಗದರಿಸಿದನು. ಈ ಕಥೆಯಲ್ಲಿ ಹಣವನ್ನು ಸುಮ್ಮನೆ ಕೊಳೆಯಿಸುವುದು ಗುಣವಲ್ಲವೆಂಬ ಸೂಚನೆ ಇರುವುದು ನಿಜ. ಆದರೆ ಆ ಹಣವು ಆಳಿನದಾಗಿರಲಿಲ್ಲ, ಧಣಿಯದಾಗಿತ್ತು ಎಂಬುದನ್ನೂ, ಮರಳಿ ಲೆಕ್ಕ ಒಪ್ಪಿಸುವ ದಿನವೊಂದು ಬಂದೇ ಬಂದಿತೆಂಬುದನ್ನೂ ಇವರು ಹೇಳುವುದಿಲ್ಲ. ಅಧ್ಯಾಯವನ್ನು ಅಷ್ಟಕ್ಕೇ ಮುಚ್ಚದೆ ಮುಂದಿನ ಪುಟಕ್ಕೆ ಹೋದರೆ ಅಂತಿಮ ನ್ಯಾಯತೀರ್ಪಿನ ಚಿತ್ರವು ಬರುತ್ತದೆ; ಅಲ್ಲಿ ಕೇಳಲಾಗುವ ಲೆಕ್ಕವು ಹಸಿದವನಿಗೆ ಉಣಬಡಿಸಿದೆಯಾ, ಬಟ್ಟೆಯಿಲ್ಲದವನಿಗೆ ಹೊದಿಸಿದೆಯಾ, ರೋಗಿಯನ್ನು ನೋಡಹೋದೆಯಾ ಎಂಬುದು. ಒಂದೇ ಅಧ್ಯಾಯದ ಈ ಎರಡು ಲೆಕ್ಕಗಳನ್ನು ಬೇರ್ಪಡಿಸಿ, ತನಗೆ ಅನುಕೂಲವಾದ ಅರ್ಧವನ್ನಷ್ಟೇ ಬೋಧಿಸುವವನು ವೇದಿಕೆಯ ಮೇಲೆ ಎಷ್ಟೇ ಗಟ್ಟಿಯಾಗಿ ಪ್ರಾರ್ಥಿಸಲಿ, ಅವನ ಮಾತಿಗೆ ಕಿವಿಗೊಡಬೇಡಿ.

ಷೇರಿನ ದರ ಏರಲೆಂದು ಪ್ರಾರ್ಥಿಸಬಹುದೇ ಎಂದು ಒಬ್ಬಳು ತಂಗಿ ಬಹು ಮುಗ್ಧವಾಗಿ ಕೇಳಿದ್ದಳು. ನೀವು ಮಾರುವಾಗ ಕೊಳ್ಳುವವನೊಬ್ಬನು ಇರುತ್ತಾನೆ, ಕೊಳ್ಳುವಾಗ ಮಾರುವವನೊಬ್ಬನು ಇರುತ್ತಾನೆ. ಅವನೂ ದೇವರ ಮಗನೇ, ಅವನ ಮನೆಯಲ್ಲಿಯೂ ಜಪಸರವಿರಬಹುದು. ಆದಕಾರಣ ದರಕ್ಕಾಗಿ ಪ್ರಾರ್ಥಿಸದೆ ವಿವೇಕಕ್ಕಾಗಿ ಪ್ರಾರ್ಥಿಸು ಎಂದು ಹೇಳಿದೆ.

ಇನ್ನು ಜೂಜಿನ ಮಾತು. ಈ ವಿಷಯದಲ್ಲಿ ನಾನು ಮೃದುವಾಗಿ ಮಾತನಾಡಲಾರೆ. ಒಳ್ಳೆಯ ಕಂಪನಿಯೊಂದರ ಷೇರನ್ನು ಕೊಂಡು ವರ್ಷಾನುಗಟ್ಟಲೆ ಇಟ್ಟುಕೊಂಡವನ ಲಾಭವು ಆ ಕಂಪನಿಯಲ್ಲಿ ದುಡಿದವರ ಉತ್ಪಾದನೆಯಿಂದ ಬರುತ್ತದೆ. ಒಬ್ಬನು ಗಳಿಸಬೇಕಾದರೆ ಮತ್ತೊಬ್ಬನು ಕಳೆದುಕೊಳ್ಳಲೇಬೇಕೆಂಬ ನಿಯಮ ಅಲ್ಲಿಲ್ಲ. ಆದರೆ ಫ್ಯೂಚರ್ಸ್, ಆಪ್ಷನ್ಸ್ ಎಂಬ ಒಪ್ಪಂದಗಳ ವ್ಯವಹಾರದಲ್ಲಿ ಹೊಸತಾಗಿ ಏನೂ ಉತ್ಪನ್ನವಾಗುವುದಿಲ್ಲ; ಒಬ್ಬನ ಜೇಬಿಗೆ ಬಂದ ಪ್ರತಿಯೊಂದು ರೂಪಾಯಿಯೂ ಇನ್ನೊಬ್ಬನ ಜೇಬಿನಿಂದಲೇ ಬಂದದ್ದು, ನಡುವೆ ಶುಲ್ಕಗಳು ಕಳೆದು. ದೊಡ್ಡ ವರ್ತಕರು ಬೆಲೆಯ ಏರಿಳಿತದಿಂದ ತಮ್ಮ ಸರಕನ್ನು ಕಾಪಾಡಿಕೊಳ್ಳಲು ಇದನ್ನು ಬಳಸುವುದುಂಟು, ಅದು ಬೇರೆ ಮಾತು. ಸಂಬಳದ ಹತ್ತು ಸಾವಿರವನ್ನು ವಾರದ ಗಡುವಿನ ದಿನ ಬೆಳಗ್ಗೆ ಒಂಬತ್ತೂಕಾಲಕ್ಕೆ ಹಾಕಿ ಮಧ್ಯಾಹ್ನ ಮೂರೂವರೆಯೊಳಗೆ ಇಮ್ಮಡಿಯಾಗಲೆಂದು ಕಾಯುವುದಕ್ಕೂ ಕೋಳಿ ಅಂಕದಲ್ಲಿ ಪಂಥ ಕಟ್ಟುವುದಕ್ಕೂ ನೀತಿಯ ದೃಷ್ಟಿಯಿಂದ ಯಾವ ಅಂತರವೂ ನನಗೆ ಕಾಣುವುದಿಲ್ಲ. ನಾನು ಹೇಳುವುದನ್ನು ನಂಬಬೇಡಿ, ಸೆಬಿಯು 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೋಡಿ. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಈ ವಿಭಾಗದಲ್ಲಿ ವ್ಯವಹರಿಸಿದ ಸಾಮಾನ್ಯ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ನಷ್ಟ ಹೊಂದಿದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮಿಗಿಲು. ಶುಲ್ಕಗಳಿಗೆಂದೇ ತೆತ್ತದ್ದು ಸುಮಾರು 50,000 ಕೋಟಿ. 2023-24ರಲ್ಲಿ ಈ ಆಟಕ್ಕಿಳಿದವರಲ್ಲಿ ನೂರಕ್ಕೆ 43 ಮಂದಿ ಮೂವತ್ತು ವರ್ಷದೊಳಗಿನವರು, 72ಕ್ಕೂ ಹೆಚ್ಚು ಮಂದಿ ದೇಶದ ಮೊದಲ ಮೂವತ್ತು ನಗರಗಳ ಹೊರಗಿನವರು, ಎಂದರೆ ನಮ್ಮಂಥ ಊರುಗಳವರು. ಎರಡು ವರ್ಷ ಸತತವಾಗಿ ಕಳೆದುಕೊಂಡ ಮೇಲೆಯೂ ನಾಲ್ವರಲ್ಲಿ ಮೂವರು ಬಿಡಲಿಲ್ಲ. 2024-25ರ ಲೆಕ್ಕವೂ ಬಂದಿದೆ. ಆ ಒಂದೇ ವರ್ಷ ನೂರಕ್ಕೆ 91 ಮಂದಿಗೆ ನಷ್ಟ, ಒಟ್ಟು 1.05 ಲಕ್ಷ ಕೋಟಿ.

ಬಂಟ್ವಾಳದ ಒಬ್ಬ ಹುಡುಗನು ತನ್ನ ಇ-ಮೇಲಿಗೆ ಬಂದ ಕಾಂಟ್ರಾಕ್ಟ್ ನೋಟನ್ನು ನನ್ನ ಮೇಜಿನ ಮೇಲೆ ಇಟ್ಟಾಗ ನಾವಿಬ್ಬರೂ ಅದನ್ನು ಸಾಲು ಸಾಲಾಗಿ ಓದಿದೆವು. ಮೇಲಿನ ಭಾಗದಲ್ಲಿ ಕೊಂಡದ್ದು, ಮಾರಿದ್ದು; ಕೆಳಗಡೆ ಬ್ರೋಕರೇಜು, ಅದರ ಕೆಳಗೆ ಷೇರು ವ್ಯವಹಾರದ ತೆರಿಗೆಯಾದ ಎಸ್‌ಟಿಟಿ, ಎಕ್ಸ್‌ಚೇಂಜಿನ ಶುಲ್ಕ, ಸೆಬಿಯ ಶುಲ್ಕ, ಸ್ಟಾಂಪ್ ಡ್ಯೂಟಿ, ಕೊನೆಗೆ ಬ್ರೋಕರೇಜು ಹಾಗೂ ಎಕ್ಸ್‌ಚೇಂಜ್, ಸೆಬಿಗಳ ಶುಲ್ಕಗಳ ಮೇಲೆ ಜಿಎಸ್‌ಟಿ. ಆ ದಿನ ಅವನಿಗೆ ವ್ಯವಹಾರದಲ್ಲಿ ಅಲ್ಪಸ್ವಲ್ಪ ಲಾಭವೇ ಆಗಿತ್ತು. ಆದರೆ ಕೊಟ್ಟು ಕೊಂಡು ಮಾಡಿದ ಸರದಿಗಳು ಅನೇಕವಾಗಿದ್ದುದರಿಂದ, ಈ ಸಾಲುಗಳೆಲ್ಲವನ್ನು ಕೂಡಿಸಿ ಕಳೆದಾಗ ಪುಟದ ತಳದಲ್ಲಿ ಉಳಿದ ಮೊತ್ತದ ಎಡಕ್ಕೆ ಕಳೆಯುವ ಚಿಹ್ನೆಯಿತ್ತು. ಅವನು ಅಷ್ಟು ದಿನವೂ ಮೊಬೈಲಿನಲ್ಲಿ ಹಸಿರು ಬಣ್ಣದ ಅಂಕಿಯನ್ನಷ್ಟೇ ನೋಡಿದ್ದನಲ್ಲದೆ ಈ ಕಾಗದವನ್ನು ತೆರೆದಿರಲಿಲ್ಲ. ನಿಮ್ಮಲ್ಲಿ ಯಾರು ಯಾರು ಅದನ್ನು ತೆರೆದಿದ್ದೀರೋ ನಾನರಿಯೆ, ತೆರೆಯಿರಿ, ಇಂದೇ.

ಅಡಕೆಯ ಸಸಿ ನೆಟ್ಟು ಮೊದಲ ಗೊನೆಗಾಗಿ ಐದಾರು ವರ್ಷ ನೀರು, ಗೊಬ್ಬರ, ಸೊಪ್ಪು ಹಾಕಿ ಕಾಯುವ ಸಹನೆ ನಿಮ್ಮ ತಂದೆತಾಯಿಗಳ ರಕ್ತದಲ್ಲಿದೆ. ಆ ಸಹನೆಯುಳ್ಳವರಿಗೆ ಷೇರು ಪೇಟೆ ದುಷ್ಟವಾದ ಸ್ಥಳವಲ್ಲ. 2008ರ ಜನವರಿಯಲ್ಲಿ 21,000ಕ್ಕೂ ಮೇಲೆ ಏರಿದ್ದ ಸೆನ್ಸೆಕ್ಸ್ ಅದೇ ವರ್ಷದ ಅಕ್ಟೋಬರಿನಲ್ಲಿ 9,000ಕ್ಕೂ ಕೆಳಗೆ ಕುಸಿಯಿತು. 2020ರ ಜನವರಿಯಲ್ಲಿ 42,000ವನ್ನು ಮುಟ್ಟಿದ್ದುದು ಮಾರ್ಚಿನಲ್ಲಿ 26,000ಕ್ಕೂ ಕೆಳಗಿಳಿಯಿತು. ಎರಡು ಸಲವೂ, ತನ್ನ ಸ್ವಂತ ಉಳಿತಾಯದಿಂದ ಒಳ್ಳೆಯ ಉದ್ಯಮಗಳಲ್ಲಿ ಹರಡಿ ಹಾಕಿದ್ದವನು ಕಾದುಕೊಂಡು ಎದ್ದನು. ಸಾಲ ತಂದು ಹಾಕಿದ್ದವನಿಗೆ ಕಾಯಲು ಅವಕಾಶವಿರಲಿಲ್ಲ. ಒಂದೇ ಕಡೆ ಹಾಕದೆ ಏಳೆಂಟು ಪಾಲು ಮಾಡಿ ಹಂಚು, ಯಾವ ಕೇಡು ಬರುವುದೋ ತಿಳಿಯದು ಎಂಬ ಅರ್ಥದ ಬುದ್ಧಿವಾದ ಹಳೆಯ ಒಡಂಬಡಿಕೆಯ ಉಪದೇಶಕನ ಗ್ರಂಥದಲ್ಲಿದೆ. ಗೋಪುರ ಕಟ್ಟಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಡವೇ ಎಂದು ಪ್ರಭುವೇ ಕೇಳಿದ್ದು ಲೂಕನಲ್ಲಿದೆ.

ಇಷ್ಟು ಮಟ್ಟಿಗೆ ಹೇಳುವುದನ್ನು ಯಾವ ಧರ್ಮಕ್ಕೂ ಸೇರದ ಹಿತಚಿಂತಕನೂ ಹೇಳಿಯಾನು. ಕ್ರೈಸ್ತನಿಗೆ ವಿಶೇಷವಾಗಿ ಸಲ್ಲುವ ಪ್ರಶ್ನೆ ಇದರ ಮುಂದಿನದು: ನನ್ನ ಹಣ ಅಲ್ಲಿ ಏನು ಮಾಡುತ್ತಿದೆ? ಬೆಳ್ತಂಗಡಿ ತಾಲೂಕಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕೊಕ್ಕಡ, ಪಟ್ರಮೆ, ನಿಡ್ಲೆಗಳ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ವರ್ಷಗಳ ಫಲವನ್ನು ಇಂದಿಗೂ ಹಾಸಿಗೆಯ ಮೇಲೆ ಅನುಭವಿಸುತ್ತಿರುವ ಜೀವಗಳು ಅಲ್ಲಿನ ಮನೆಗಳಲ್ಲಿವೆ. ಸರ್ಕಾರವೇ ಅವರನ್ನು ಸಂತ್ರಸ್ತರೆಂದು ಗುರುತಿಸಿ ಮಾಸಾಶನ ಕೊಡುತ್ತಿದೆ. ಸಿಂಪಡಿಸಿದ್ದು ಸರ್ಕಾರದ ಗೇರು ನಿಗಮ. ಆದರೆ ಆ ವಿಷವನ್ನು ತಯಾರಿಸಿ ಮಾರಿದ ಕಂಪನಿಗಳಲ್ಲಿ ಷೇರು ಪೇಟೆಯಲ್ಲಿ ನಿತ್ಯ ಕೈಬದಲಾಗುತ್ತಿದ್ದ ಕಂಪನಿಗಳೂ ಇದ್ದವು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶಾದ್ಯಂತ ಅದರ ತಯಾರಿಕೆಯನ್ನೂ ಮಾರಾಟವನ್ನೂ ತಡೆಯುವವರೆಗೆ ಅದರ ಲಾಭದ ಅಂಶವು ಎಷ್ಟೋ ಸಜ್ಜನರ ಖಾತೆಗೆ, ಅವರಿಗೆ ಅರಿವಿಲ್ಲದೆಯೇ, ಲಾಭಾಂಶವಾಗಿ ಜಮೆಯಾಗಿರಬೇಕು. ಆ ಸಜ್ಜನರು ಕೆಡುಕರೆಂದು ನಾನು ಹೇಳುತ್ತಿಲ್ಲ. ಕೊಕ್ಕಡದ ಮಗುವಿಗೂ ದೂರದ ನಗರದಲ್ಲಿ ಕುಳಿತ ಷೇರುದಾರನಿಗೂ ನಡುವೆ ಒಂದು ಸಂಬಂಧವಿತ್ತು, ಅದನ್ನು ಯಾರೂ ಕೇಳಲಿಲ್ಲ, ಅಷ್ಟೆ. ನೀವು ಕೇಳಬೇಕು.

ಕೇಳುವುದಕ್ಕೆ ದಾರಿಯುಂಟು. ಮಾರುಕಟ್ಟೆಯ ಮೌಲ್ಯದಲ್ಲಿ ಮೊದಲ 1000 ಸ್ಥಾನಗಳಲ್ಲಿರುವ ಕಂಪನಿಗಳು ತಮ್ಮ ಕಾರ್ಮಿಕರ ಸ್ಥಿತಿ, ತ್ಯಾಜ್ಯ, ನೀರಿನ ಬಳಕೆ, ಅಪಘಾತಗಳು ಇತ್ಯಾದಿಗಳ ವಿವರವನ್ನು ವಾರ್ಷಿಕ ವರದಿಯೊಡನೆ ಪ್ರಕಟಿಸಬೇಕೆಂದು ಸೆಬಿಯು 2022-23ನೆಯ ಸಾಲಿನಿಂದ ಕಡ್ಡಾಯ ಮಾಡಿದೆ. ಒಂದೇ ಒಂದು ಷೇರುಳ್ಳವನಿಗೂ ಕಂಪನಿಯ ಮಹಾಸಭೆಯಲ್ಲಿ ಮತವುಂಟು; ಮನೆಯಲ್ಲಿ ಕುಳಿತು ಮೊಬೈಲಿನಲ್ಲಿಯೇ ಅದನ್ನು ಚಲಾಯಿಸಬಹುದು. ದೊಡ್ಡ ಬಂಡವಾಳಗಾರರ ಮುಂದೆ ಆ ಮತ ಅತ್ಯಲ್ಪವಾದರೂ ಅದು ನಿಮ್ಮದು.

ತಂಬಾಕಿನ ವಿಚಾರದಲ್ಲಿ ನಮ್ಮವರಿಗೆ ಒಂದು ಸಂಕಟವಿದೆ, ಅದನ್ನು ಮರೆಮಾಚುವುದು ಸಲ್ಲದು. ಈ ಮೂರು ಊರುಗಳ ಸುತ್ತಮುತ್ತಲ ಎಷ್ಟೋ ಮನೆಗಳಲ್ಲಿ ತಾಯಂದಿರು ಬೀಡಿ ಕಟ್ಟಿ ಮಕ್ಕಳ ಶಾಲೆಯ ಫೀಸು ಕಟ್ಟಿದ್ದಾರೆ. ಆ ಬೀಡಿಯ ದುಡ್ಡಿನಿಂದ ಓದಿ ನರ್ಸುಗಳಾದವರು, ಇಂಜಿನಿಯರುಗಳಾದವರು ನಿಮ್ಮಲ್ಲಿಯೇ ಇದ್ದಾರೆ. ಬೀಡಿಯ ಮೊರದ ಎದುರು ಬೆನ್ನು ಬಗ್ಗಿಸಿ ಕುಳಿತು ದುಡಿದ ಆ ತಾಯಿಯ ಮೇಲೆ ದೋಷ ಹೊರಿಸುವ ಅಧಿಕಾರ ಯಾರಿಗೂ ಇಲ್ಲ. ಅವಳಿಗೆ ಬೇರೆ ಆಯ್ಕೆಯಿರಲಿಲ್ಲ. ಆದರೆ ಐದು ಸಾವಿರ ಕಂಪನಿಗಳ ನಡುವೆ ಆರಿಸಿಕೊಳ್ಳುವ ಸ್ವಾತಂತ್ರ್ಯವುಳ್ಳ ಅವಳ ಮಗನು ಸಿಗರೇಟಿನ ಕಂಪನಿಯನ್ನೇ ಹುಡುಕಿ ಕೊಂಡರೆ ಆ ಮಾತು ಬೇರೆ. ಇಲ್ಲಿ ನಿಮ್ಮಲ್ಲಿ ಸೂಕ್ಷ್ಮಮತಿಗಳಾದವರು ಕೇಳುವ ಪ್ರಶ್ನೆಯೊಂದಿದೆ: ತಿಂಗಳು ತಿಂಗಳು ಎಸ್‌ಐಪಿಯಲ್ಲಿ ನಿಫ್ಟಿಯ ಇಂಡೆಕ್ಸ್ ಫಂಡಿಗೆ ಹಣ ಹಾಕಿದರೆ, ಐವತ್ತು ಕಂಪನಿಗಳ ಆ ಗುಂಪಿನಲ್ಲಿ ತಂಬಾಕಿನ ಕಂಪನಿಯೂ ಸೇರಿರುತ್ತದಲ್ಲ, ಆಗ ಏನು ಮಾಡಬೇಕು? ನಮ್ಮ ನೀತಿಶಾಸ್ತ್ರವು ಪಾಪಕೃತ್ಯದೊಡನೆ ನಿಕಟವಾದ ಸಹಕಾರವನ್ನೂ ದೂರದ ಸಹಕಾರವನ್ನೂ ಬೇರೆ ಬೇರೆಯಾಗಿ ತೂಗುತ್ತದೆ. ಗುಂಪಿನಲ್ಲಿ ಅನಿವಾರ್ಯವಾಗಿ ಬಂದ ಅಲ್ಪಾಂಶಕ್ಕಾಗಿ ನಿದ್ದೆಗೆಡಬೇಕಾಗಿಲ್ಲವೆಂದೂ, ಆದರೆ ಆ ಅಂಶದಿಂದ ಬಂದಷ್ಟು ಲಾಭವನ್ನು ಲೆಕ್ಕ ಹಾಕಿ ಕ್ಯಾನ್ಸರ್ ರೋಗಿಯೊಬ್ಬನ ಔಷಧಕ್ಕೆ ಕೊಟ್ಟುಬಿಡುವುದು ಯುಕ್ತವೆಂದೂ ನನ್ನ ಮತ. ಇದಕ್ಕಿಂತ ಬಿಗಿಯಾದ ನಿಯಮವನ್ನು ಪಾಲಿಸಬಲ್ಲವರು ಪಾಲಿಸಲಿ, ಅವರನ್ನು ನಾನು ಗೌರವಿಸುತ್ತೇನೆ.

ಕೊಡುವ ಮಾತು ಬಂದುದರಿಂದ ಅದನ್ನೂ ಹೇಳಿಬಿಡುತ್ತೇನೆ. ದಶಾಂಶವನ್ನಾಗಲಿ, ನೀವು ನಿಶ್ಚಯಿಸಿಕೊಂಡ ಇನ್ನಾವ ಅಂಶವನ್ನಾಗಲಿ, ಲಾಭ ಬಂದ ಮೇಲೆ ಉಳಿದರೆ ಕೊಡುತ್ತೇನೆಂದು ಇಟ್ಟುಕೊಳ್ಳಬೇಡಿ. ಸಂಬಳ ಬಂದ ದಿನ ಅದು ಮೊದಲು ಹೋಗಲಿ. ಎರಡನೆಯದಾಗಿ ಮನೆಯ ಖರ್ಚು, ಆರು ತಿಂಗಳ ಆಪತ್ತಿಗೆಂದು ಬ್ಯಾಂಕಿನಲ್ಲಿ ಇಡತಕ್ಕ ಹಣ, ಆರೋಗ್ಯದ ವಿಮೆ. ಷೇರಿನ ಸರದಿ ಇವೆಲ್ಲದರ ತರುವಾಯ. ನಮ್ಮ ಚರ್ಚುಗಳಲ್ಲಿರುವ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಯಾವ ಮನೆಯಲ್ಲಿ ಅಕ್ಕಿ ಮುಗಿದಿದೆ, ಯಾವ ಮಗುವಿನ ಫೀಸು ಬಾಕಿಯಿದೆ ಎಂಬುದನ್ನು ಸದ್ದಿಲ್ಲದೆ ತಿಳಿದುಕೊಂಡಿರುತ್ತಾರೆ. ಅವರ ಕೈಗೆ ಕೊಟ್ಟದ್ದು ತಲುಪಬೇಕಾದಲ್ಲಿಗೆ ತಲುಪುತ್ತದೆ.

ಮನೆಯ ವಿಚಾರದಲ್ಲಿ ಒಂದು ಕಟ್ಟುನಿಟ್ಟು. ಹೆಂಡತಿಗೆ ಅಥವಾ ಗಂಡನಿಗೆ, ತಂದೆತಾಯಿಗೆ ಹೇಳಲಾರದ ಹೂಡಿಕೆ ಹೂಡಿಕೆಯಲ್ಲ. ತಾಯಿಯ ಚಿನ್ನವನ್ನು ಸೊಸೈಟಿಯಲ್ಲಿ ಅಡವಿಟ್ಟು ತಂದ ಹಣ, ಮದುವೆಗೆಂದು ತೆಗೆದ ವೈಯಕ್ತಿಕ ಸಾಲ, ಗಲ್ಫಿನಲ್ಲಿರುವ ಅಣ್ಣನು ಮನೆ ಕಟ್ಟಿಸೆಂದು ಕಳುಹಿಸಿದ ದುಡ್ಡು, ಇವು ಯಾವುವೂ ಪೇಟೆಗೆ ಹೋಗಕೂಡದು. ಹಾಗೆಯೇ, ಒಂದೇ ಚರ್ಚಿನವನು, ಒಂದೇ ವಾಳೆಯವನು, ಎಂದರೆ ಚರ್ಚಿನ ಒಂದೇ ವಾರ್ಡಿನವನು ಎಂಬ ವಿಶ್ವಾಸದಿಂದ ನಿಶ್ಚಿತ ಲಾಭದ ಮಾತಾಡುವವನ ಕೈಗೆ ಹಣ ಕೊಟ್ಟು ಮೋಸಹೋದ ಕುಟುಂಬಗಳನ್ನು ನಾನು ಬಲ್ಲೆ. ಷೇರಿನಲ್ಲಿ ತಿಂಗಳಿಗೆ ಇಷ್ಟೆಂದು ನಿಶ್ಚಿತ ಲಾಭ ಕೊಡುತ್ತೇನೆನ್ನುವವನು ಜಪಸರ ಹಿಡಿದು ಬಂದರೂ ಸುಳ್ಳನೇ. ಸಲಹೆ ಹೇಳುವವನಿಗೆ ಸೆಬಿಯ ನೋಂದಣಿ ಇದೆಯೇ ಎಂದು ಸೆಬಿಯ ತಾಣದಲ್ಲಿ ನೋಡಿಕೊಳ್ಳುವುದು ಅವಮಾನದ ಕೆಲಸವೇನಲ್ಲ. ನಿಮ್ಮ ಡಿಮ್ಯಾಟ್ ಖಾತೆಗೆ ನಾಮಿನಿಯ ಹೆಸರನ್ನು ಬರೆಸಿರಿ. ಅಜ್ಜನ ಪೆಟ್ಟಿಗೆಯಲ್ಲಿ ಹಳೆಯ ಷೇರು ಪತ್ರಗಳಿದ್ದರೆ ತೆಗೆದು ನೋಡಿರಿ. ಏಳು ವರ್ಷ ಸತತವಾಗಿ ಲಾಭಾಂಶವನ್ನು ಯಾರೂ ಪಡೆಯದೆ ಹೋದರೆ ಆ ಷೇರುಗಳೇ ಸರ್ಕಾರದ ಹೂಡಿಕೆದಾರರ ನಿಧಿಗೆ ವರ್ಗವಾಗುತ್ತವೆ, ಅಲ್ಲಿಂದ ಅರ್ಜಿ ಹಾಕಿ ಬಿಡಿಸಿಕೊಳ್ಳಬೇಕಾಗುತ್ತದೆ.

ಕಥೊಲಿಕ್ ಯುವಸಂಘಟನೆಯಾದ ಐಸಿವೈಎಂನ ಘಟಕಗಳವರಲ್ಲಿ, ಕಥೊಲಿಕ್ ಸಭಾದವರಲ್ಲಿ, 1999ರಲ್ಲಿ ಸ್ಥಾಪಿತವಾದ ಬೆಳ್ತಂಗಡಿ ಸೀರೋ ಮಲಬಾರ್ ಧರ್ಮಪ್ರಾಂತದ ಯುವಜನರಲ್ಲಿ, ಸಿಎಸ್ಐ ಸಭೆಗಳ ಗೆಳೆಯರಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ಮದುವೆಗೆ ಮುನ್ನ ವಧೂವರರಿಗೆ ಶಿಬಿರ ನಡೆಸುವ ನಾವು, ಮೊದಲ ಸಂಬಳ ಪಡೆಯುವ ಮಕ್ಕಳಿಗೂ ಹಣದ ಬಗ್ಗೆ ಒಂದು ದಿನದ ತರಗತಿ ನಡೆಸೋಣ. ಸುವಾರ್ತೆಯನ್ನು ಗುರುಗಳು ವಿವರಿಸಲಿ, ಕಾಂಟ್ರಾಕ್ಟ್ ನೋಟನ್ನು ನಮ್ಮಂಥ ನಿವೃತ್ತರು ವಿವರಿಸುತ್ತೇವೆ. ಕರೆದರೆ ಮೂರು ತಾಲೂಕುಗಳಲ್ಲಿ ಎಲ್ಲಿಗಾದರೂ ನನ್ನ ಖರ್ಚಿನಲ್ಲಿಯೇ ಬರುತ್ತೇನೆ.

ಈಗಾಗಲೇ ಕಳೆದುಕೊಂಡು, ಯಾರಿಗೂ ಹೇಳದೆ, ಮುಂದಿನ ವಾರ ಎಲ್ಲವನ್ನೂ ಮರಳಿ ಗಳಿಸುತ್ತೇನೆಂದು ಇನ್ನೊಂದು ಸಾಲದ ಆಲೋಚನೆಯಲ್ಲಿ ಇರುವವರು ನಿಮ್ಮಲ್ಲಿ ಇದ್ದೇ ಇದ್ದಾರೆ. ಈ ಪತ್ರದ ಕೊನೆಯ ಮಾತು ಅವರಿಗೆ. ಆ ಸಾಲವನ್ನು ತೆಗೆಯಬೇಡಿ. ಮೊಬೈಲಿನಿಂದ ಆ ಆ್ಯಪನ್ನು ತೆಗೆದುಹಾಕಿ, ಇಂದು ರಾತ್ರಿಯ ಪ್ರಾರ್ಥನೆ ಮುಗಿದ ಮೇಲೆ ಮನೆಯವರನ್ನು ಕೂರಿಸಿಕೊಂಡು ಇದ್ದುದನ್ನು ಇದ್ದಂತೆ ಹೇಳಿಬಿಡಿ. ಕೋಪ ಬರುತ್ತದೆ, ಕಣ್ಣೀರೂ ಬರುತ್ತದೆ, ಆದರೆ ಅವರು ನಿಮ್ಮನ್ನು ಕೈಬಿಡುವುದಿಲ್ಲ. ಮನೆಯಲ್ಲಿ ಹೇಳಲು ಧೈರ್ಯ ಸಾಲದಿದ್ದರೆ ಸಾಲದ ಕಾಗದಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ನಾಳೆಯೇ ನಿಮ್ಮ ವಿಗಾರರ ಬಳಿಗೋ ವಾಳೆಯ ಗುರಿಕಾರರ ಬಳಿಗೋ ಹೋಗಿ, ನಿಮ್ಮೊಡನೆ ಮನೆಗೆ ಬರಬೇಕೆಂದು ಕೇಳಿಕೊಳ್ಳಿ.

ಕ್ರಿಸ್ತನಲ್ಲಿ ನಿಮ್ಮ ಹಿತವನ್ನು ಬಯಸುವ,
ನಿಮ್ಮೂರಿನ ಹಿರಿಯ ವಿಶ್ವಾಸಿ